ಕಮ್ಮಾರನ ಮಗನಿಂದ ಕದ್ದ ಕಥೆ

ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಮನೆಯಲ್ಲಿ ಸಂಗೀತದ ಕೋಣೆ ಎಂದರೆ ಬಟ್ಟೆ ಒಗೆಯುವ ಕೋಣೆ. ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಇದ್ದ ಕಿಟಕಿಯಿಲ್ಲದ ಕಿರುಗೋಣೆ ಅದು. ವಾಷರ್, ಡ್ರೈಯರ್ ಅಕ್ಕಪಕ್ಕ ನಿಂತ ಮೇಲೆ ಒಬ್ಬರು ತಿರುಗಿ ನಿಲ್ಲುವಷ್ಟು ಜಾಗ ಉಳಿಯುತ್ತಿತ್ತು. ಮನೆಯ ಬೇರೆಲ್ಲ ಕಡೆ ದಪ್ಪ ಕಾರ್ಪೆಟ್ ಇತ್ತು. ಫ್ಲೂಟ್ ಊದಿದರೆ ನಾದವೆಲ್ಲ ಅದರೊಳಗೆ ಇಂಗಿಹೋಗುತ್ತಿತ್ತು. ಈ ಕೋಣೆಯ ನೆಲ ಮಾತ್ರ ಟೈಲ್ಸಿನದು. ಶಾಲೆಯ ಬ್ಯಾಂಡಿಗೆ ಸೇರಿದ ಮೊದಲ ವರ್ಷ, ಒಂದು ದಿನ ಕಾಲುಚೀಲ ಹುಡುಕಿಕೊಂಡು ಅಲ್ಲಿಗೆ ಹೋದವಳು ಕೈಯಲ್ಲಿದ್ದ ಫ್ಲೂಟನ್ನು ಸುಮ್ಮನೆ ತುಟಿಗಿಟ್ಟು ಒಂದು ಸ್ವರ ಹಿಡಿದೆ. ಅದು ಗೋಡೆಗೆ ಬಡಿದು, ದುಂಡಗಾಗಿ, ನನಗೇ ವಾಪಸು ಬಂತು. ಗ್ಯಾರೇಜಿನಲ್ಲಿದ್ದ ಅಪ್ಪ ಬಾಗಿಲು ತೆರೆದು ಇಣುಕಿದ. ಮುಂದಿನ ಭಾನುವಾರದ ಹೊತ್ತಿಗೆ ಅಲ್ಲಿ ನನ್ನ ಎತ್ತರಕ್ಕೆ ಸರಿಯಾದ ಒಂದು ಸ್ಟೂಲು ಬಂದಿತ್ತು, ಸಣ್ಣ ಕಬ್ಬಿಣದ ಸರಳುಗಳನ್ನು ಬೆಸೆದು ಮಾಡಿದ ಪುಸ್ತಕದ ಸ್ಟ್ಯಾಂಡು ಬಂದಿತ್ತು, ಗೋಡೆಗೆ ಒಂದು ದೀಪ ಬಂದಿತ್ತು. ನಾನು ಅಭ್ಯಾಸ ಮಾಡುವಾಗ ಅವ್ವ ಡ್ರೈಯರ್ ಹಾಕುತ್ತಿರಲಿಲ್ಲ. ಒದ್ದೆ ಬಟ್ಟೆ ಬುಟ್ಟಿಯಲ್ಲಿ ಕಾಯುತ್ತಿತ್ತು. ನನ್ನ ತಮ್ಮ ವಿನಯ ಎಷ್ಟೋ ವರ್ಷ ಹಸಿಹಸಿ ಜೀನ್ಸ್ ತೊಟ್ಟೇ ಶಾಲೆಗೆ ಹೋಗಿದ್ದಾನೆ. ಇದನ್ನೆಲ್ಲ ಇಷ್ಟು ವಿವರವಾಗಿ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಈ ಕೋಣೆಯ ಬಗ್ಗೆ ನಾನು ಒಮ್ಮೆ ಬೇರೆಯೇ ರೀತಿ ಬರೆದಿದ್ದೆ, ಅದನ್ನು ಒಂದು ಸಭೆಯೇ ಕೇಳಿಸಿಕೊಂಡಿತ್ತು.

ಅಪ್ಪ ಬೆಳಗಾವಿಯ ಫೌಂಡ್ರಿಯಲ್ಲಿ ಬೆಳೆದವನು. ಹದಿನಾರಕ್ಕೇ ಲೇತ್ ಮಷಿನ್ ಮುಂದೆ ನಿಂತು, ಆ ಕೈಚಳಕದ ಮೇಲೆಯೇ ಹ್ಯೂಸ್ಟನ್ನಿಗೆ ಬಂದ. ಎಣ್ಣೆಬಾವಿಗಳ ವಾಲ್ವುಗಳಿಗೆ ಬೇಕಾದ ಬಿಡಿಭಾಗ ಕಡೆಯುವ ಕೆಲಸ. ನನಗೆ ಎಂಟು ವರ್ಷವಾಗುವಷ್ಟರಲ್ಲಿ ಸ್ಟಾಫರ್ಡ್‌ನಲ್ಲಿ, ನಮ್ಮವರ ಅಂಗಡಿಗಳ ಸಾಲಿನ ಹಿಂದೆ, ತನ್ನದೇ ಪುಟ್ಟ ವರ್ಕ್‌ಶಾಪ್ ಹಾಕಿಕೊಂಡಿದ್ದ. ನಮಗೆ ಗೊತ್ತಿದ್ದ ಕನ್ನಡದ ಮನೆಗಳಲ್ಲಿ ಉಳಿದ ಅಂಕಲ್‌ಗಳೆಲ್ಲ ಬೆಂಗಳೂರು, ಮೈಸೂರಿನ ಕಡೆಯವರು; ಡಾಕ್ಟರು, ಇಂಜಿನಿಯರು, ಕಂಪ್ಯೂಟರಿನವರು. ಅವರ ಕೈಗಳು ಬೆಳ್ಳಗಿರುತ್ತಿದ್ದವು. ಅಪ್ಪನ ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಜಗ್ಗದ ಕರಿ ಗೆರೆ. ನಾವು ‘ಐತಿ’, ‘ಹೌದ್ರಿ’ ಅನ್ನುವವರು, ಪಾರ್ಟಿಗಳಲ್ಲಿ ಆಂಟಿಗಳು ಅವ್ವನ ಮಾತು ಕೇಳಿ “ಎಷ್ಟು ಕ್ಯೂಟ್ ಆಗಿ ಮಾತಾಡ್ತೀರಾ!” ಅನ್ನುತ್ತಿದ್ದರು. ಅವ್ವ ನಗುತ್ತಿದ್ದಳು. ನಾನು ನೀರು ಕುಡಿಯುವ ನೆಪದಲ್ಲಿ ಅಲ್ಲಿಂದ ಏಳುತ್ತಿದ್ದೆ. ಹದಿಮೂರು, ಹದಿನಾಲ್ಕರ ಹೊತ್ತಿಗೆ ಈ ನಾಚಿಕೆ ನನ್ನಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತ್ತು. ಫ್ಲೂಟ್ ಪಾಠಕ್ಕೆ ಮಿಸ್ ಕ್ಯಾರೋ ಅವರ ಮನೆಗೆ ಅಪ್ಪ ತನ್ನ ಪಿಕಪ್ ಟ್ರಕ್ಕಿನಲ್ಲಿ ಕರೆದೊಯ್ಯುತ್ತಿದ್ದ. ಹಿಂದೆ ಕಬ್ಬಿಣದ ಸರಳುಗಳು ಗಲಗಲ ಅನ್ನುತ್ತಿದ್ದವು. ಒಂದು ದಿನ ಅವನು ಒಳಗೆ ಬಂದು ಕೂತು ಕೇಳುತ್ತೇನೆಂದಾಗ, ಟ್ರಕ್ಕಿನಲ್ಲೇ ಇರು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಟೀಚರಿಗೆ ಯಾರಾದರೂ ಇದ್ದರೆ ಇಷ್ಟವಾಗುವುದಿಲ್ಲ ಎಂದೂ ಸೇರಿಸಿದೆ. ಅದು ಸುಳ್ಳು. ಆಮೇಲೆ ಅವನು ಯಾವತ್ತೂ ಒಳಗೆ ಬರುತ್ತೇನೆ ಅನ್ನಲಿಲ್ಲ. ಟೆಕ್ಸಸ್ಸಿನ ಬಿಸಿಲಲ್ಲಿ ಕಿಟಕಿ ಇಳಿಸಿಕೊಂಡು ಒಂದು ಗಂಟೆ ಕೂತಿರುತ್ತಿದ್ದ.

ನನ್ನ ಫ್ಲೂಟ್ ಯಾರೋ ಬಳಸಿ ಬಿಟ್ಟದ್ದು. ತೂತು ಮುಚ್ಚುವ ಎರಡು ಕೀಲಿ ಅಂಟಿಕೊಳ್ಳುತ್ತಿದ್ದವು. ಅಪ್ಪ ಲೈಬ್ರರಿಯಿಂದ ರಿಪೇರಿಯ ಪುಸ್ತಕ ತಂದು, ಊಟದ ಟೇಬಲ್ಲಿನ ಮೇಲೆ ಪೇಪರು ಹಾಸಿ, ಅದನ್ನು ಪೂರ್ತಿ ಬಿಚ್ಚಿದ. ಸೂಜಿಯಂಥ ಸ್ಪ್ರಿಂಗುಗಳು, ಕೀಲಿಗಳಡಿಯ ಕಾಸಿನಗಲದ ಮೆತ್ತನೆ ಪ್ಯಾಡುಗಳು ಸಾಲಾಗಿ ಮಲಗಿದವು. ಅವ್ವ ಅವತ್ತು ರೊಟ್ಟಿ, ಬದನೆಯ ಎಣಗಾಯಿಯನ್ನು ನಮಗೆ ನೆಲದ ಮೇಲೇ ಬಡಿಸಿದಳು. ಆ ಕರಿ ಗೆರೆಯ ಬೆರಳುಗಳು ಅಷ್ಟು ಸಣ್ಣ ಸ್ಕ್ರೂ ಹಿಡಿಯುವುದನ್ನು ನಾನು ರೊಟ್ಟಿ ಕೈಯಲ್ಲೇ ಹಿಡಿದು ನೋಡುತ್ತಿದ್ದೆ. ಆಮೇಲೆ ಬ್ಯಾಂಡಿನ ಬೇರೆ ಹುಡುಗಿಯರ ಫ್ಲೂಟುಗಳೂ ನಮ್ಮ ಟೇಬಲ್ಲಿಗೆ ಬರತೊಡಗಿದವು. ದಸರೆಯ ಖಂಡೇ ಪೂಜೆಯ ದಿನ ಅಪ್ಪ ವರ್ಕ್‌ಶಾಪಿನ ಅಳತೆಪಟ್ಟಿ, ಕ್ಯಾಲಿಪರು, ಡ್ರಿಲ್ ಬಿಟ್ಟುಗಳನ್ನು ತಂದು ದೇವರ ಮುಂದೆ ಇಡುತ್ತಿದ್ದ. ಒಂದು ವರ್ಷ ಅವುಗಳ ನಡುವೆ ನನ್ನ ಫ್ಲೂಟನ್ನೂ ಇಟ್ಟು ಕುಂಕುಮ ಹಚ್ಚಿದ್ದ. ಪ್ಯಾಡು ಕೆಂಪಾಯಿತೆಂದು ನಾನು ಕಿರುಚಾಡಿದೆ. ನಿನ್ನ ಸುತ್ತಿಗೆ, ಮೊಳೆಯ ಜೊತೆ ಯಾಕೆ ಇಟ್ಟೆ ಎಂದೆ.

“ದುಡಿಯೋ ಸಾಮಾನು ಎಲ್ಲಾ ಒಂದ ನೋಡವಾ,” ಅಂದ ಅಪ್ಪ, ಹತ್ತಿಯಿಂದ ಒಂದೊಂದೇ ಪ್ಯಾಡನ್ನು ಒರೆಸುತ್ತ. “ತುಟಿಗೆ ಹಚ್ಚೋದಾದ್ರೇನು, ಕೈಯಾಗ ಹಿಡಿಯೋದಾದ್ರೇನು.”

ಹತ್ತನೆಯ ತರಗತಿಯಲ್ಲಿ ಮಿಸ್ ಕ್ಯಾರೋ ನನಗೆ ಒಂದು ಕಾಂಚೆರ್ಟೋ, ಫ್ಲೂಟೇ ಮುಂದಾಗಿ ನುಡಿಯುವ ದೊಡ್ಡ ಕೃತಿ, ಕೊಟ್ಟರು. ಹದಿನೆಂಟನೆಯ ಶತಮಾನದ ಜರ್ಮನಿಯ ಒಬ್ಬ ಆಸ್ಥಾನ ಸಂಗೀತಗಾರ ಬರೆದದ್ದು. ಫ್ಲೂಟ್ ನುಡಿಸುವ ರಾಜನಿಗೆ ಗುರುವಾಗಿದ್ದವನು. ಅವನ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಒಗ್ಗಲಿಲ್ಲ. ಅವನು ಕಮ್ಮಾರನ ಮಗ ಎಂದು ಗೊತ್ತಾದ ದಿನವೇ ಅಪ್ಪ ಅವನಿಗೆ ‘ಕಮ್ಮಾರರ ಹುಡುಗ’ ಎಂದು ಹೆಸರಿಟ್ಟ. ಲೈಬ್ರರಿಯಿಂದ ಅವನ ಜೀವನದ ಪುಸ್ತಕ ತಂದದ್ದೂ ಅಪ್ಪನೇ. ರಾತ್ರಿ ಊಟದ ಜೊತೆಗೆ ಅದನ್ನು ಬೆರಳಿಟ್ಟು ಓದುತ್ತ, ತಿಳಿದಷ್ಟನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತಿದ್ದ. ಹುಡುಗನನ್ನು ಒಂಬತ್ತನೆಯ ವಯಸ್ಸಿಗೇ ತಂದೆ ಕುಲುಮೆಯ ಮುಂದೆ ನಿಲ್ಲಿಸಿದನಂತೆ. ಸಂಗೀತದ ಹುಚ್ಚು ಹಿಡಿದ ಮಗನಿಗೆ ಸಾಯುವಾಗಲೂ ಈ ಕಸುಬು ಬಿಡಬೇಡ ಅಂದನಂತೆ. ತಂದೆ ಸತ್ತ ಮೇಲೆ ಇಬ್ಬರು ಬಂಧುಗಳು ಹುಡುಗನನ್ನು ಕರೆದರಂತೆ, ಒಬ್ಬ ದರ್ಜಿ, ಒಬ್ಬ ಊರಿನ ವಾದ್ಯಗಾರ. ಹುಡುಗ ವಾದ್ಯದವನ ಹಿಂದೆ ಹೊರಟ. ಪಿಟೀಲು, ತುತ್ತೂರಿ, ಸಿಕ್ಕಿದ್ದೆಲ್ಲ ಕಲಿತು ಕೊನೆಗೆ ಕೊಳಲಿಗೆ ಬಂದ. ದೊಡ್ಡ ಆಸ್ಥಾನ ಸೇರಿದ. ಯುವರಾಜನೊಬ್ಬ ಅವನಿಂದ ಕದ್ದು ಪಾಠ ಹೇಳಿಸಿಕೊಳ್ಳುತ್ತಿದ್ದ. ಏಕೆಂದರೆ ಯುವರಾಜನ ಅಪ್ಪನಿಗೂ ಸಂಗೀತವೆಂದರೆ ಆಗದು. ಹಿರಿಯ ರಾಜ ಇದ್ದಕ್ಕಿದ್ದಂತೆ ಬಂದಾಗ ಈ ಗುರು ಕೊಳಲು, ಹಾಳೆಗಳ ಸಮೇತ ಒಂದು ಗೂಡಿನಂಥ ಕೋಣೆಯಲ್ಲಿ ಬಚ್ಚಿಟ್ಟುಕೊಂಡು ನಡುಗುತ್ತ ನಿಂತಿದ್ದನಂತೆ. ಈ ಭಾಗ ಬಂದಾಗ ವಿನಯ ಊಟ ಬಿಟ್ಟು ನಕ್ಕಿದ್ದ.

ಅಪ್ಪನಿಗೆ ಹಿಡಿಸಿದ್ದು ಬೇರೆ. ಈ ಮನುಷ್ಯ ಕೊಳಲುಗಳನ್ನು ತಾನೇ ಕೊರೆಯುತ್ತಿದ್ದ, ಶ್ರುತಿ ಕೂಡಿಸಲು ಕೊಳವೆಯನ್ನು ಉದ್ದ ಗಿಡ್ಡ ಮಾಡುವ ಉಪಾಯ ಕಂಡುಕೊಂಡಿದ್ದ, ಇನ್ನೊಂದು ಕೀಲಿ ಸೇರಿಸಿದ್ದ.

“ನೋಡ ಶೈಲೂ, ಇಂವ ಕುಲುಮಿ ಬಿಟ್ಟಿಲ್ಲ. ಅಪ್ಪನ ಮಾತು ಅರ್ಧಾ ಕೇಳ್ಯಾನ,” ಅಂದ.

“ಅವನ ಅಪ್ಪ ಕ್ರೂರಿ,” ಅಂದೆ ನಾನು.

“ಕ್ರೂರಿ ಯಾಕ? ಸಾಯೋ ಮುಂದ ಮಗಾಗ ತನಗ ಗೊತ್ತಿದ್ದ ಅನ್ನದ ದಾರಿ ತೋರಿಸ್ಯಾನ. ಕೊಳಲಿನಿಂದ ಹೊಟ್ಟಿ ತುಂಬತೈತಿ ಅಂತ ಆ ಮನಷ್ಯಾಗ ಹೆಂಗ ಗೊತ್ತಾಗಬೇಕು?”

ಆ ವರ್ಷ ಆಸ್ಟಿನ್ನಿನ ಒಂದು ಬೇಸಿಗೆ ಸಂಗೀತ ಶಿಬಿರಕ್ಕೆ ಹ್ಯೂಸ್ಟನ್ ಕಡೆಯಿಂದ ಕೆಲವು ಮಕ್ಕಳನ್ನು ಆರಿಸುತ್ತಿದ್ದರು. ನುಡಿಸಿ ತೋರಿಸಬೇಕು, ಜೊತೆಗೆ ಒಂದು ಪ್ರಬಂಧ ಕೊಡಬೇಕು: ನೀವು ನುಡಿಸುವ ಸಂಗೀತಗಾರನ ಬದುಕಿಗೂ ನಿಮ್ಮ ಬದುಕಿಗೂ ಏನು ಸಂಬಂಧ? ನಾನು ಮೊದಲು ಬರೆದದ್ದು ನಿಜವನ್ನೇ. ಅಪ್ಪ ಮಾಡಿದ ಸ್ಟೂಲು, ಊಟದ ಟೇಬಲ್ಲು, ಕಮ್ಮಾರರ ಹುಡುಗನ ಕಥೆಯನ್ನು ಅಪ್ಪ ಓದಿ ಹೇಳಿದ್ದು, ಎಲ್ಲ ಇತ್ತು. ಮಿಸ್ ಕ್ಯಾರೋ ಓದಿ, ಚೆನ್ನಾಗಿದೆ, ಆದರೆ ನಿನ್ನ ಹೋರಾಟ ಎಲ್ಲಿದೆ ಎಂದು ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನನಗೂ ಅನ್ನಿಸಿತು, ನನ್ನ ಬದುಕಿನಲ್ಲಿ ಏನೂ ಇಲ್ಲ ಎಂದು. ಮನೆಗೆ ಬಂದು ಆ ಹಾಳೆ ಹರಿದು ಹಾಕಿ ಮತ್ತೊಂದು ಬರೆದೆ. ಒಂದೇ ಮಧ್ಯಾಹ್ನ ಸಾಕಾಯಿತು. ನನ್ನ ತಂದೆಯೂ ಕಬ್ಬಿಣದ ಕೆಲಸದವನು, ಎಂದು ಶುರುಮಾಡಿದೆ. ಕೊಳಲಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಅವನು ಹೇಳುತ್ತಾನೆ, ಎಂದೆ. ಅವನ ಮಾತಿನ ಹಿಂದುಮುಂದು ಕತ್ತರಿಸಿ, ತಿರುಚಿ ಇಟ್ಟೆ. ನಮ್ಮಲ್ಲಿ ಹೆಣ್ಣುಮಕ್ಕಳು ಸಭೆಯಲ್ಲಿ ನುಡಿಸುವುದನ್ನು ಒಪ್ಪುವುದಿಲ್ಲ ಎಂದೆ. ಅದಂತೂ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಓದುವವರು ಅದನ್ನು ನಂಬುತ್ತಾರೆಂದು ಮಾತ್ರ ಗೊತ್ತಿತ್ತು. ಅವನ ಕಣ್ಣು ತಪ್ಪಿಸಿ ಬಟ್ಟೆ ಒಗೆಯುವ ಕೋಣೆಯಲ್ಲಿ, ಡ್ರೈಯರಿನ ಸದ್ದಿನ ಮರೆಯಲ್ಲಿ ಬಚ್ಚಿಟ್ಟುಕೊಂಡು ಅಭ್ಯಾಸ ಮಾಡುತ್ತೇನೆ. ಒಮ್ಮೆ ಸಿಕ್ಕಿಬಿದ್ದಾಗ ನನ್ನ ಫ್ಲೂಟನ್ನು ಅವನ ಕೈಗಳು ಮುರಿಯಲು ಹೊರಟಿದ್ದವು, ಎಂದು ಬರೆದೆ. ಕಮ್ಮಾರನನ್ನೂ ಹಿರಿಯ ರಾಜನನ್ನೂ ಸೇರಿಸಿ ಬೆಸೆದು ನನ್ನ ಅಪ್ಪನ ಮುಖ ಅಂಟಿಸಿದ್ದೆ. ಬರೆಯುವಾಗ ನನಗೆ ಅಳು ಬಂತು. ಅದು ಇವತ್ತಿಗೂ ನನ್ನನ್ನು ಹೆಚ್ಚು ನಾಚಿಸುತ್ತದೆ. ನನ್ನ ಸುಳ್ಳಿಗೆ ನಾನೇ ಮರುಗಿ ಅತ್ತಿದ್ದೆ.

ಆಯ್ಕೆಯಾದೆ. ಆರಿಸಿದ ಮಕ್ಕಳಿಂದ ಹ್ಯೂಸ್ಟನ್ನಿನ ಒಂದು ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಕಛೇರಿ ಇಟ್ಟಿದ್ದರು. ಅಪ್ಪ ಬೆಳಗ್ಗೆಯಿಂದ ಬ್ರಷ್ ಹಾಕಿ ಉಗುರು ಉಜ್ಜಿದ. ತನ್ನ ಒಂದೇ ಸೂಟು ಹಾಕಿದ. ಅವ್ವ ಇಳಕಲ್ ಸೀರೆ ಉಟ್ಟಳು. ಅವತ್ತು ಟ್ರಕ್ಕಿನಲ್ಲೇ ಇರು ಅನ್ನಲು ನನಗೂ ಸಾಧ್ಯವಿರಲಿಲ್ಲ. ಅವರು ಮೂರನೆಯ ಸಾಲಿನಲ್ಲಿ ಕೂತರು. ನಾನು ವೇದಿಕೆಯ ಪಕ್ಕದಲ್ಲಿ ಫ್ಲೂಟ್ ಹಿಡಿದು ನಿಂತಿದ್ದೆ. ಆಗ ಬಿಳಿಕೂದಲಿನ ಸಂಚಾಲಕಿಯೊಬ್ಬರು ಮೈಕಿನ ಮುಂದೆ ಬಂದು, ಈ ಹುಡುಗಿ ನುಡಿಸುವ ಮೊದಲು ಅವಳು ಬರೆದದ್ದನ್ನು ನೀವು ಕೇಳಲೇಬೇಕು ಅಂದರು. ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಅವರು ನಿಧಾನವಾಗಿ, ತುಂಬ ಚೆನ್ನಾಗಿ ಓದಿದರು. ನಾನು ಅಪ್ಪನನ್ನು ನೋಡಬಾರದು ಅಂದುಕೊಂಡೇ ನೋಡಿದೆ. ಮೊದಲ ಸಾಲುಗಳಿಗೆ ಅವನು ಹಿಗ್ಗಿ ಮುಂದಕ್ಕೆ ಬಾಗಿದ್ದ. ಕಬ್ಬಿಣದ ಕೆಲಸದವನು ಎಂಬುದಕ್ಕೆ ಅವ್ವನ ಕಡೆ ತಿರುಗಿ ತಲೆಯಾಡಿಸಿದ. ಆಮೇಲೆ ಆ ತಲೆ ಹಾಗೇ ನಿಂತಿತು. ಕೈಗಳು ಫ್ಲೂಟ್ ಮುರಿಯಲು ಹೊರಟಿದ್ದವು ಎಂಬಲ್ಲಿ ಅವನು ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಂದ ತೆಗೆದು ಕುರ್ಚಿಯ ಕೆಳಗೆ ಇಳಿಬಿಟ್ಟ. ಅಷ್ಟು ಇಂಗ್ಲಿಷ್ ತಿಳಿಯದ ಅವ್ವ ಅವನ ಕಿವಿಯ ಹತ್ತಿರ ಏನೋ ಕೇಳಿದಳು. ಅವನು ವೇದಿಕೆಯನ್ನೇ ನೋಡುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಕೆಲವರು ಎದ್ದು ನಿಂತು ತಟ್ಟಿದರು. ನಾನು ನುಡಿಸಿದೆ. ಹೇಗೆ ನುಡಿಸಿದೆನೋ ನೆನಪಿಲ್ಲ. ಚೆನ್ನಾಗಿತ್ತಂತೆ.

ಆಮೇಲೆ ಹೊರಗೆ ನಿಂಬೆ ಶರಬತ್ತು, ಕುಕ್ಕಿ ಇಟ್ಟಿದ್ದರು. ಅಪ್ಪ ಕಾಗದದ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಸಂಚಾಲಕಿ ನೇರ ಅವನ ಹತ್ತಿರ ಹೋದರು, ಹಿಂದೆಯೇ ನಾನು. ಅವರ ಮುಖದಲ್ಲಿ ನಗುವಿತ್ತು, ಮಾತಿನಲ್ಲಿ ಇರಲಿಲ್ಲ. ಇವತ್ತು ಮಗಳನ್ನು ಕೇಳಿದಿರಲ್ಲ, ಈಗಲಾದರೂ ಮನಸ್ಸು ಬದಲಾಯಿತೇ ಎಂದು ಕೇಳಿದರು. ಅವರ ಪಕ್ಕ ಶುಗರ್ ಲ್ಯಾಂಡಿನವರೇ ಆದ ನಾಗರತ್ನಾ ಆಂಟಿಯೂ ಬಂದು ನಿಂತಿದ್ದರು. ಅವರ ಮಗನೂ ಆ ದಿನ ಪಿಟೀಲು ನುಡಿಸಿದ್ದ. ಅಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು. ಈ ಹುಡುಗಿ ಸುಳ್ಳು ಬರೆದಿದ್ದಾಳೆ, ಆ ಸ್ಟೂಲು ಮಾಡಿದವನು ನಾನು, ಅಂದಿದ್ದರೆ ಸಾಕಿತ್ತು. ಅವನು ನನ್ನ ಮುಖ ನೋಡಿದ. ಆಮೇಲೆ ಸಂಚಾಲಕಿಯ ಕಡೆ ತಿರುಗಿ,

“ಐ ವಾಸ್ ರಾಂಗ್, ಮೇಡಂ,” ಅಂದ.

ಅಷ್ಟೇ ಅಂದ. ಆಕೆ ಅವನ ತೋಳು ಮುಟ್ಟಿ, ಇದನ್ನು ಒಪ್ಪಿಕೊಳ್ಳಲು ಧೈರ್ಯ ಬೇಕು ಅಂದರು. ನಾನು ಅಲ್ಲೇ ನಿಂತಿದ್ದೆ. ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮನೆಗೆ ಬರುವಾಗ ಟ್ರಕ್ಕಿನಲ್ಲಿ ಅವ್ವ ಕೇಳಿದಳು:

“ಅಷ್ಟೊತ್ತು ಏನ್ ಓದಿದ್ರು ಆಕಿ? ಮಂದಿ ಕಣ್ಣೀರ ಒರಸ್ಕೊಳ್ಳಾಕತ್ತಿದ್ರಲ್ಲ.”

“ಶೈಲೂ ಎಷ್ಟ ಕಷ್ಟಪಟ್ಟ ಕಲ್ತಾಳ ಅಂತ ಓದಿದ್ರು,” ಅಂದ ಅಪ್ಪ.

ಅವ್ವನಿಗೆ ನಿಜ ಗೊತ್ತಾದದ್ದು ಕೆಲವು ತಿಂಗಳ ನಂತರ, ಸ್ಟಾಫರ್ಡ್‌ನಲ್ಲಿ ಗಣೇಶನ ಹಬ್ಬಕ್ಕೆ ಎಲ್ಲ ಕನ್ನಡದವರೂ ಸೇರಿದಾಗ. ಅಷ್ಟರಲ್ಲಿ ನಾನು ಆಸ್ಟಿನ್ನಿನ ಶಿಬಿರ ಮುಗಿಸಿ ಬಂದಿದ್ದೆ. ಪ್ರಸಾದದ ಸಾಲಿನಲ್ಲಿ ನಾಗರತ್ನಾ ಆಂಟಿ ಅಪ್ಪನಿಗೆ ಎಲ್ಲರ ಮುಂದೆಯೇ ಹೇಳಿದರು:

“ಈ ಕಾಲದಲ್ಲೂ ಹೆಣ್ಣುಮಕ್ಕಳನ್ನ ಹಾಗೆಲ್ಲ ಹಿಡಿದಿಡಬಾರದು ಕಣ್ರೀ. ಪಾಪ, ಬಟ್ಟೆ ಒಗೆಯೋ ರೂಮಲ್ಲಿ ಬಚ್ಚಿಟ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ಲಂತೆ. ನೀವು ಕೊಳಲು ಮುರಿಯೋಕೇ ಹೋಗಿದ್ರಂತೆ! ಕೇಳಿ ನನಗೆ ಎದೆ ಒಡೆದುಹೋಯ್ತು.”

“ಹೌದ್ರಿ, ತಪ್ಪಾತ್ರಿ,” ಅಂದ ಅಪ್ಪ, ತಟ್ಟೆ ಮುಂದೆ ಹಿಡಿದು.

ಅಲ್ಲಿ ಅವ್ವ ಪ್ರಸಾದ ಹಿಡಿದು ಮುಂದೆ ಸರಿದಳು. ಮರುದಿನ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಆ ಪಟಪಟ ಸದ್ದು ನಿಂತರೆ ಏನೋ ಆಗಿದೆ ಎಂದೇ ಅರ್ಥ. ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದು ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋದಳು.

“ಈ ಸ್ಟೂಲು ಯಾರ್ ಮಾಡಿದ್ರು?”

ಅವ್ವ ಸ್ಟ್ಯಾಂಡನ್ನು ಹಿಡಿದು ಅಲುಗಿಸಿದಳು.

“ಈ ಸ್ಟ್ಯಾಂಡು ಯಾರ್ ಮಾಡಿದ್ರು? ಈ ಲೈಟು? ನಿನ್ನ ಕೊಳಲು ಯಾರ್ ಮುರಿದ್ರು? ಹೇಳು!”

ಅದು ಬರೀ ಒಂದು ಪ್ರಬಂಧ, ಎಲ್ಲರೂ ಹಾಗೇ ಬರೆಯುತ್ತಾರೆ, ಎಂದು ನಾನು ಇಂಗ್ಲಿಷಿನಲ್ಲಿ ಅಂದೆ.

“ಇಂಗ್ಲಿಷಿನ್ಯಾಗ ಹೇಳಬ್ಯಾಡ,” ಅಂದಳು ಅವ್ವ. ಅವಳ ದನಿ ತಗ್ಗಿತ್ತು. “ಕನ್ನಡದಾಗ ಹೇಳು. ನಮ್ಮಪ್ಪ ಹಿಂಗ ಮಾಡಿದ ಅಂತ ಕನ್ನಡದಾಗ ಹೇಳಾಕ ನಿನಗ ಬಾಯಿ ಬರತೈತೇನ್ ನೋಡೂಣು.”

ಬರಲಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದ. “ಬಿಡು ಇನ್ನ. ಹುಡುಗಿ ಐತಿ,” ಅಂದ. ಅವ್ವ ಅವನ ಮೇಲೂ ಹರಿಹಾಯ್ದಳು. ನೀವ್ಯಾಕ ಹೌದ್ರಿ ಹೌದ್ರಿ ಅಂತ ತಲಿ ತಗ್ಗಿಸ್ತೀರಿ, ನೀವೇನು ಕಳವು ಮಾಡೀರೇನು ಎಂದು ಕೇಳಿದಳು. ಅಪ್ಪ ಗ್ಯಾರೇಜಿಗೆ ವಾಪಸು ಹೋದ. ಅವ್ವ ನನ್ನ ಜೊತೆ ಎಷ್ಟೋ ದಿನ ಮಾತು ಬಿಟ್ಟಳು. ಬಡಿಸುತ್ತಿದ್ದಳು, ಬಟ್ಟೆ ಮಡಚಿಡುತ್ತಿದ್ದಳು, ಮಾತು ಮಾತ್ರ ಇಲ್ಲ. ನಾನು ಅಭ್ಯಾಸಕ್ಕೆ ಕೂತಾಗ ಡ್ರೈಯರ್ ಹಾಕತೊಡಗಿದಳು.

ಆದರೆ ಅವ್ವನ ಕೋಪ ತಡೆಯಬಹುದಿತ್ತು. ಅಪ್ಪ ಕೋಪಿಸಿಕೊಳ್ಳಲೇ ಇಲ್ಲ. ಮೊದಲಿನಂತೆಯೇ ಪಾಠಕ್ಕೆ ಕರೆದೊಯ್ದ, ಮೊದಲಿನಂತೆಯೇ ಹೊರಗೆ ಕಾದ. ಬದಲಾದದ್ದು ಒಂದೇ. ಆ ಚಳಿಗಾಲದಲ್ಲಿ ಫ್ಲೂಟಿನ ಒಂದು ಕೀಲಿ ಮತ್ತೆ ಅಂಟತೊಡಗಿತು. ನಾನು ಎಂದಿನಂತೆ ಅದನ್ನು ಊಟದ ಟೇಬಲ್ಲಿನ ಮೇಲೆ ಪೇಪರು ಹಾಸಿ ಇಟ್ಟೆ. ಅದೇ ನನಗೆ ಗೊತ್ತಿದ್ದ ಕ್ಷಮೆ ಕೇಳುವ ರೀತಿ. ಅಪ್ಪ ವರ್ಕ್‌ಶಾಪಿನಿಂದ ಬಂದು ಅದನ್ನು ನೋಡಿದ, ಮುಟ್ಟಲಿಲ್ಲ. “ಅಂಗಡಿಗೆ ಕೊಟ್ಟ ಬರೂಣವಾ, ನಾ ಬಿಟ್ಟ ಬರತೇನಿ,” ಅಂದ. ಬೇರೆ ಹುಡುಗಿಯರ ಫ್ಲೂಟುಗಳಿಗೂ ಆಗುವುದಿಲ್ಲ ಅಂದುಬಿಟ್ಟ. ರಿಪೇರಿಯ ಪುಸ್ತಕ ಲೈಬ್ರರಿಗೆ ವಾಪಸು ಹೋಯಿತು. ಖಂಡೇ ಪೂಜೆಗೂ ಮತ್ತೆಂದೂ ಫ್ಲೂಟ್ ಕೇಳಲಿಲ್ಲ. ಇದು ನನಗೆ ಕೊಟ್ಟ ಶಿಕ್ಷೆ ಎಂದು ನಾನು ತಿಳಿದೆ. ಸರಿಯಾದದ್ದೇ ಎಂದೂ ತಿಳಿದೆ.

ಆ ಶಿಬಿರದಿಂದ ನನ್ನ ದಾರಿ ತೆರೆಯಿತು ಎಂಬುದನ್ನೂ ಬರೆಯದಿದ್ದರೆ ಮತ್ತೊಂದು ಸುಳ್ಳಾಗುತ್ತದೆ. ಅಲ್ಲಿ ಸಿಕ್ಕ ಗುರುಗಳೇ ಮುಂದೆ ಕಾಲೇಜಿಗೆ ಕರೆದರು. ಈಗ ಎಷ್ಟೋ ವರ್ಷದಿಂದ ಆಸ್ಟಿನ್ನಿನಲ್ಲಿ ಮಕ್ಕಳಿಗೆ ಫ್ಲೂಟ್ ಕಲಿಸುತ್ತೇನೆ. ನನ್ನ ಅನ್ನ ಅದರಿಂದಲೇ. ಕಾಲೇಜಿನಲ್ಲಿ ಕಮ್ಮಾರನ ಮಗ ತನ್ನ ಬದುಕಿನ ಬಗ್ಗೆ ತಾನೇ ಬರೆದ ಪುಟಗಳನ್ನು ಓದಿದೆ. ತಂದೆ ತನ್ನನ್ನು ಕುಲುಮೆಗೆ ಹಚ್ಚಿದ್ದನ್ನು ಅವನು ಇದ್ದ ಹಾಗೆ ಹೇಳಿ ಮುಂದೆ ಹೋಗುತ್ತಾನೆ. ನನಗೆ ಕಂಡಂತೆ ಅಲ್ಲೊಂದು ದೂರೂ ಇಲ್ಲ. ನಿಜವಾಗಿ ತಡೆದ ತಂದೆಯ ಮಗ ದೂರಲಿಲ್ಲ. ಪುಸ್ತಕ ಮುಚ್ಚಿ ಲೈಬ್ರರಿಯ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡೆ. ಅಪ್ಪನಿಗೆ ಹೇಳಬೇಕು ಎಂದು ಅವತ್ತೇ ಅನ್ನಿಸಿತು. ಹೇಳಲು ಇನ್ನೂ ಬಹಳ ವರ್ಷ ಬೇಕಾದವು. ನನ್ನ ಮದುವೆಯಲ್ಲಿ ಬೀಗರು, ಮಗಳು ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಅಂದಾಗ ಅಪ್ಪ, “ನಂದೇನೂ ಇಲ್ರಿ ಅದರಾಗ. ನಾ ಅಡ್ಡ ಬಂದಾಂವ,” ಅಂದದ್ದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ.

ಈಗ ಅಪ್ಪ ಅವ್ವ ಡಲ್ಲಾಸ್ ಕಡೆ, ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನಲ್ಲಿ, ವಿನಯನ ಮನೆಯಲ್ಲಿದ್ದಾರೆ. ಅಪ್ಪನಿಗೆ ಎಂಬತ್ತಾಯಿತು. ಹೋದ ವಸಂತದಲ್ಲಿ ನಾನು ಆಸ್ಟಿನ್ನಿನಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಹೇಳಿಯೇ ಬರಬೇಕು ಎಂದು ದಾರಿಯುದ್ದಕ್ಕೂ ಕನ್ನಡದ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಮಧ್ಯಾಹ್ನ, ಹಿತ್ತಲಿನ ಬೆಂಚಿನ ಮೇಲೆ ಅಪ್ಪ ಒಬ್ಬನೇ ಬಿಸಿಲಿಗೆ ಮೈ ಕಾಯಿಸುತ್ತಿದ್ದ. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಒಂದು ಹಾದುಹೋದ ಮೇಲೆ ನಿಂತುಕೊಂಡೇ ಶುರುಮಾಡಿದೆ.

“ಅಪ್ಪಾ, ಅವತ್ತ ಆ ಹಾಲ್‌ನ್ಯಾಗ ಓದಿದ್ರಲ್ಲ. ನಾ ಬರದದ್ದು. ಅದರ ಬಗ್ಗೆ…”

“ಹೂಂ,” ಅಂದ. ಈ ಮಾತು ಬರುತ್ತದೆಂದು ಕಾಯುತ್ತಲೇ ಇದ್ದವನ ಹಾಗೆ. “ನಾನೂ ಕೇಳಬೇಕಂತ ಎಷ್ಟೋ ಸಲ ಮಾಡೇನಿ. ನೀ ಎಲ್ಲಿ ನಿಂತು ನೋಡಿದಿ?”

“ಏನ್ ನೋಡಿದ್ನಿ?”

ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಹೇಳಿದ. ನನಗೆ ಹದಿನಾಲ್ಕರ ಹೊತ್ತಿಗೆ ಒಂದು ದಿನ ನನ್ನ ಫ್ಲೂಟಿನ ಒಂದು ಸಣ್ಣ ದಂಡ ಬಾಗಿತ್ತಂತೆ, ನೆಟ್ಟಗೆ ಮಾಡಲು ವರ್ಕ್‌ಶಾಪಿಗೆ ಒಯ್ದಿದ್ದನಂತೆ. ಕಬ್ಬಿಣ ಬಿಗಿದು ಹಿಡಿಯುವ ವೈಸಿನ ಹಲ್ಲಿಗೆ ಬಟ್ಟೆ ಸುತ್ತಿ, ಫ್ಲೂಟ್ ಸಿಕ್ಕಿಸಿ, ಹಿಡಿ ತಿರುಗಿಸುತ್ತ ನಿಂತವನಿಗೆ, ಇನ್ನೊಂದು ಸುತ್ತು ತಿರುಗಿಸಿಬಿಡೋಣ ಅನ್ನಿಸಿತಂತೆ.

“ಹಿಂದಿನ ದಿನಾನ ನೀ ನನಗ ಟ್ರಕ್ಕಿನ್ಯಾಗ ಇರು ಅಂದಿದ್ದಿ. ಇದೊಂದು ಕೊಳಲು ಇರಲಿಲ್ಲಂದ್ರ ಹುಡುಗಿ ಆ ಮಂದಿ ಕಡೆ ಹೋಗೂದಿಲ್ಲ, ನಮ್ಮ ಹಂತ್ಯಾಕ ಇರತಾಳ ಅಂತ ಬಂತು ತಲ್ಯಾಗ. ಅರ್ಧಾ ಸುತ್ತು ತಿರುಗಿಸೇ ಬಿಟ್ಟೆ. ಕಿರ್ ಅಂತು. ಎದಿ ಧಸಕ್ ಅಂದು ಬಿಚ್ಚಿದೆ. ಎರಡು ತಾಸು ಹತ್ತಿತು ಮತ್ತ ಸರಿಮಾಡಾಕ. ಯಾರೂ ಇರಲಿಲ್ಲ ಅಂತ ತಿಳಕೊಂಡಿದ್ದೆ. ಅವತ್ತ ಹಾಲ್‌ನ್ಯಾಗ ಓದಿದಾಗ, ಅಯ್ಯ, ಈ ಹುಡುಗಿ ಬಾಗಲಾಗ ನಿಂತಿದ್ಲಲ್ಲ ಅಂತ ಅನ್ನಿಸ್ತು. ಉಳಿದದ್ದೆಲ್ಲಾ ನೀ ಸಿಟ್ಟಿಲೆ ಬರದದ್ದು. ಅದೊಂದು ಖರೇ ಇತ್ತು. ಅದಕ್ಕ ಹೌದ್ರಿ ಅಂದೆ. ಆಮ್ಯಾಲ ಆ ಕೊಳಲು ಮುಟ್ಟಾಕ ನನಗ ಕೈ ಬರಲಿಲ್ಲ ನೋಡವಾ.”

ಇನ್ನೊಂದು ವಿಮಾನ ಬಂತು. ಅದು ಹೋಗುವವರೆಗೆ ನನಗೆ ಸಮಯ ಸಿಕ್ಕಿತು. ಹೌದು, ನೋಡಿದ್ದೆ ಎಂದುಬಿಡಬಹುದಿತ್ತು. ಆಗ ನನ್ನ ಸುಳ್ಳು ಸುಳ್ಳಾಗಿ ಉಳಿಯುತ್ತಿರಲಿಲ್ಲ. ಅವನು ಅದನ್ನು ಎಂದೋ ಕ್ಷಮಿಸಿಯೂ ಆಗಿತ್ತು. ಒಂದು ಕ್ಷಣ ಹಾಗೇ ಮಾಡುವ ಆಸೆಯೂ ಆಯಿತು. ಅದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

“ನಾ ಏನೂ ನೋಡಿಲ್ಲಪ್ಪಾ,” ಅಂದೆ. “ನಾ ಆ ದಿನ ವರ್ಕ್‌ಶಾಪಿಗೆ ಬಂದೇ ಇಲ್ಲ. ನನಗೇನೂ ಗೊತ್ತಿರಲಿಲ್ಲ. ಎಲ್ಲಾ ನಾನ ಹುಟ್ಟಿಸಿ ಬರದದ್ದು. ಆ ಕಮ್ಮಾರರ ಹುಡುಗನ ಕಥಿ ಕದ್ದು ನಿನ್ನ ಮ್ಯಾಲ ಹಾಕಿದ್ನಿ. ಆಯ್ಕೆ ಮಾಡ್ಲಿ ಅಂತ.”

ಅಪ್ಪ ನನ್ನನ್ನು ನೋಡಿ, ಹಲ್ಲಿಲ್ಲದ ಬಾಯಿ ತೆರೆದು, ಸದ್ದಿಲ್ಲದೆ ನಗತೊಡಗಿದ. ನಗು ನಿಲ್ಲುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು.

“ಹಂಗಾರ ನಾ ಈಗ ಸುಮ್ನ ಬಾಯಿ ಬಿಟ್ಟೆನಲ್ಲ!” ಅಂದ.

ನನಗೆ ನಗಲು ಆಗಲಿಲ್ಲ. ಇಷ್ಟು ವರ್ಷ ಈ ಮನುಷ್ಯ, ಮಗಳು ತನ್ನ ಒಂದು ಕೆಟ್ಟ ಗಳಿಗೆಯನ್ನು ಕಣ್ಣಾರೆ ಕಂಡಿದ್ದಾಳೆ ಎಂದು ನಂಬಿ, ನನ್ನ ಮುಂದೆ ಕೈ ಮುದುರಿಕೊಂಡು ಬದುಕಿದ್ದ. ನಾನು ಅದನ್ನು ನನಗೆ ಕೊಟ್ಟ ಶಿಕ್ಷೆ ಅಂದುಕೊಂಡಿದ್ದೆ. ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

“ಹೇಳಿದಿ ಅಲ್ಲ. ಮನಸ ಹಗುರಾತೇನು?” ಅಂತ ಕೇಳಿದ.

“ಇಲ್ಲಪ್ಪಾ.”

“ನನಗೂ ಇಲ್ಲ ನೋಡು,” ಅಂದು, ಬೆಂಚಿನ ಮೇಲೆ ಒಂದಿಷ್ಟು ಸರಿದು ನನಗೆ ಜಾಗ ಮಾಡಿಕೊಟ್ಟ.